ಖಾನಾವಳಿ: ಪರಊರಿನವರಿಗಾಗಿ ಹೊತ್ತಿದ ಒಲೆ



ಆಳಂದ ತಾಲ್ಲೂಕಿನ ನಿಂಬರ್ಗಾ ಹೋಬಳಿ ಊರು. ಸುತ್ತಲಿನ ಹಳ್ಳಿಗಳ ಜನ ಕಾಗದಪತ್ರಕ್ಕೆ, ಬೀಜ ಗೊಬ್ಬರಕ್ಕೆ, ಠಾಣೆಯ ಕೆಲಸಕ್ಕೆ ಇಲ್ಲಿಗೆ ಬರುತ್ತಾರೆ. ಬಂದ ಕೆಲಸ ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತದೆ. ಬುತ್ತಿ ತಂದವರು ಗಿಡದ ನೆರಳು ಹುಡುಕುತ್ತಾರೆ, ತರದವರು ಖಾನಾವಳಿಯ ದಾರಿ ಹಿಡಿಯುತ್ತಾರೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಇಂಥ ಖಾನಾವಳಿ ಇಲ್ಲದ ದೊಡ್ಡ ಊರು ಸಿಗುವುದು ಕಷ್ಟ. ನಾಲ್ಕು ಬೆಂಚು, ನೀರಿನ ತಂಬಿಗೆ, ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಇಷ್ಟೇ ಅದರ ವೈಭವ. ಆದರೆ ಈ ಸಣ್ಣ ಅಂಗಡಿಯ ಹಿಂದೆ ದೊಡ್ಡದೊಂದು ಚರಿತ್ರೆ ಇದೆ. ಮನೆಯವರಿಗೆಂದೇ ಉರಿಯುತ್ತಿದ್ದ ಒಲೆ ಗುರುತಿಲ್ಲದವರಿಗೂ ಹೊತ್ತಿದ್ದು ಯಾವಾಗ, ಯಾರ ಕೈಯಿಂದ, ಯಾವ ಕಾರಣಕ್ಕೆ ಎಂಬುದು ಇವತ್ತಿನ ನನ್ನ ಮಾತಿನ ವಿಷಯ.

ಮೊದಲು ಹಿಂದಕ್ಕೆ ಹೋಗೋಣ. ದುಡ್ಡು ಕೊಟ್ಟು ಉಣ್ಣುವ ಪದ್ಧತಿ ಬೇರೂರುವ ಎಷ್ಟೋ ಶತಮಾನ ಮೊದಲೇ ಪರಸ್ಥಳದವರಿಗೆ ಅನ್ನ ನೀಡುವ ಏರ್ಪಾಡು ನಮ್ಮ ಸೀಮೆಯಲ್ಲಿತ್ತು. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರವಿತ್ತು. 1058ರ ಅಲ್ಲಿಯ ಶಾಸನದಲ್ಲಿ ವೇದ, ಶಾಸ್ತ್ರ ಓದುವ ವಿದ್ಯಾರ್ಥಿಗಳ ಲೆಕ್ಕವಿದೆ, ಉಪಾಧ್ಯಾಯರ ಲೆಕ್ಕವಿದೆ, ಪುಸ್ತಕ ಕಾಯುವ ಸರಸ್ವತಿ ಭಂಡಾರಿಗರ ಉಲ್ಲೇಖವೂ ಇದೆ. ಅವರೆಲ್ಲರ ಊಟ ಬಟ್ಟೆಗೆಂದು ಭೂಮಿ ಬಿಟ್ಟುಕೊಟ್ಟಿದ್ದರು. ಓದಲು ಮನೆ ಬಿಟ್ಟು ಬಂದ ಹುಡುಗನ ಹೊಟ್ಟೆಯ ಹೊಣೆ ಯಾರದು ಎಂಬ ಪ್ರಶ್ನೆಗೆ ಆ ಕಾಲ ಕೊಟ್ಟ ಉತ್ತರ ಅದು.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಇದೇ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದರು. ಉಣಿಸುವುದು ದಾನವಲ್ಲ, ದಾಸೋಹ ಎಂದರು. ದುಡಿದು ಗಳಿಸಿದ್ದರಲ್ಲಿ ಹಂಚಿ ಉಣ್ಣಬೇಕು, ಹಂಚುವವನು ತಾನು ದೊಡ್ಡವನೆಂದು ಬೀಗಬಾರದು. ಆ ನಡೆ ನಮ್ಮ ಜಿಲ್ಲೆಯಲ್ಲಿ ಇಂದಿಗೂ ಬತ್ತಿಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಗೆ ಬಂದು ನೆಲೆಸಿದ ಶರಣಬಸವೇಶ್ವರರು ಜನರ ನೆನಪಿನಲ್ಲಿ ಉಳಿದಿರುವುದೇ ದಾಸೋಹದ ಮಹಾತ್ಮರೆಂದು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ದತ್ತನ ಭಕ್ತರು ಈಗಲೂ ಮಧುಕರಿ ಬೇಡುತ್ತಾರೆ. ಎಂಥ ಸಿರಿವಂತನಾದರೂ ಅಲ್ಲಿ ಐದು ಮನೆಯ ಬಾಗಿಲಿಗೆ ಹೋಗಿ ಕೈಯೊಡ್ಡಬೇಕು. ಬೇಡುವುದರಲ್ಲಿ ಕೀಳಿಲ್ಲ, ನೀಡುವುದರಲ್ಲಿ ಮೇಲಿಲ್ಲ ಎಂಬ ಈ ತಿಳುವಳಿಕೆಯೇ ನಮ್ಮ ಖಾನಾವಳಿಗೆ ಅಡಿಪಾಯ ಎಂದು ನಾನು ನಂಬುತ್ತೇನೆ.

ಅದೇ ಚಾಲುಕ್ಯರ ಕಾಲದಲ್ಲಿ ಅಡುಗೆಯ ಬಗ್ಗೆ ಬರೆದವರೂ ಇದ್ದರು. ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನ ಲೋಕೋಪಕಾರ 1025ರದು. ಅದರಲ್ಲಿ ಪಾಕದ ಅಧ್ಯಾಯವೇ ಇದೆ, ಶಾವಿಗೆ ಮಾಡುವ ಬಗೆಯೂ ಬಂದಿದೆ. ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಅರಸನ ಊಟದ ಬಗೆಗಳನ್ನು ವಿವರವಾಗಿ ಹೇಳಿತು. ಇವು ನಮ್ಮ ನೆಲದ ಹೆಮ್ಮೆಯ ಕೃತಿಗಳು. ಆದರೆ ಖಾನಾವಳಿಯ ತಾಟಿನ ಮೂಲ ಅರಮನೆಯ ಪಂಕ್ತಿಯಲ್ಲಿಲ್ಲ, ಎರೆಹೊಲದಲ್ಲಿದೆ. ಮುಂಗಾರಿನ ಮಳೆಯನ್ನು ಹೀರಿ ತಂಪು ಹಿಡಿದಿಟ್ಟುಕೊಂಡ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಾರೆ. ಮುಂದೆ ದೊಡ್ಡ ಮಳೆ ಬಾರದಿದ್ದರೂ ಮಣ್ಣಿನ ತಂಪು, ಚಳಿಗಾಲದ ಇಬ್ಬನಿಯಲ್ಲೇ ಅದು ತೆನೆ ತುಂಬಿಕೊಳ್ಳುತ್ತದೆ. ನಮ್ಮವರು ಮೆಚ್ಚುವ ಮಾಲದಂಡಿ ಜೋಳದ ಎಂ 35-1 ತಳಿಯನ್ನು ಆಯ್ದು ಕೊಟ್ಟದ್ದು ನೆರೆಯ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರ. ಜೋಳದ ಜೊತೆಗೆ ತೊಗರಿ, ಮಡಕಿ, ಹೆಸರು, ಕಡಲೆ, ಶೇಂಗಾ, ಕುಸುಬಿ. ಹೊಲದಲ್ಲಿ ಕೂಡಿ ಬೆಳೆದವೇ ತಾಟಿನಲ್ಲಿಯೂ ಕೂಡಿ ಬರುತ್ತವೆ.

ಇನ್ನು ರೊಕ್ಕಕ್ಕೆ ಊಟ ಬಂದ ಕಥೆ. ಅದು ಬಂದದ್ದು ರೈಲಿನ ಹಿಂದೆ. ಮುಂಬೈಯಿಂದ ಸೊಲ್ಲಾಪುರ, ಕಲಬುರಗಿ ಹಾದು ಬಂದ ರೈಲುಹಾದಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಾದಿಗೆ ಕೂಡಿತು. 1874ರಲ್ಲಿ ವಾಡಿಯಿಂದ ನಿಜಾಮರ ರೈಲು ಸಿಕಂದರಾಬಾದಿಗೆ ಹೋಯಿತು. 1877ರಲ್ಲಿ ಸೊಲ್ಲಾಪುರದ ದೊಡ್ಡ ಹತ್ತಿ ಗಿರಣಿ ಶುರುವಾಯಿತು, ಮುಂದಿನ ದಶಕದಲ್ಲಿ ಕಲಬುರಗಿಗೂ ಮಹಬೂಬ್ ಶಾಹಿ ಗಿರಣಿ ಬಂತು. ಶಹಾಬಾದಿನಲ್ಲಿ ಕಲ್ಲಿನ ಗಣಿಗಳಿದ್ದವು, ಆಮೇಲೆ ಸಿಮೆಂಟ್ ಕಾರ್ಖಾನೆ ಎದ್ದಿತು. ಬರಗಾಲ ಬಿದ್ದಾಗಲೆಲ್ಲ ನಮ್ಮ ಸೀಮೆಯ ಗಂಡಾಳು ಹೆಣ್ಣಾಳುಗಳು ಸೊಲ್ಲಾಪುರಕ್ಕೆ, ಪುಣೆಗೆ, ಮುಂಬೈಗೆ ಗುಳೆ ಹೋದರು. ಹೀಗೆ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಒಬ್ಬಂಟಿಯಾಗಿ ದುಡಿಯುವ ಸಾವಿರಾರು ಗಂಡಸರು ಪೇಟೆಗಳಲ್ಲಿ ನೆರೆದರು. ಅವರಿಗೆ ದಿನಾಲು ಎರಡು ಹೊತ್ತಿನ ಊಟ ಬೇಕಾಗಿತ್ತು. ದಾಸೋಹದಲ್ಲಿ ಒಂದು ದಿನ ಉಣ್ಣಬಹುದು, ವರ್ಷಗಟ್ಟಲೆ ಉಣ್ಣಲಾಗದು.

ಆ ಊಟ ಕೊಟ್ಟವರು ಯಾರು? ಬಹುಪಾಲು ಹೆಣ್ಣುಮಕ್ಕಳು. ಮುಂಬೈಯ ಗಿರಣಗಾಂವಿನಲ್ಲಿ ಗಿರಣಿ ಕಾರ್ಮಿಕರ ಹೆಂಡಂದಿರು, ವಿಧವೆಯರು ತಮ್ಮ ಒಂದೇ ಕೋಣೆಯ ಮನೆಯಲ್ಲಿ ಹತ್ತಿಪ್ಪತ್ತು ಜನರಿಗೆ ರೊಟ್ಟಿ ಬಡಿದು ಹಾಕುತ್ತಿದ್ದರು. ಪಗಾರ ಆದ ಮೇಲೆ ತಿಂಗಳ ಲೆಕ್ಕ ಚುಕ್ತಾ ಆಗುತ್ತಿತ್ತು. ಮುಷ್ಕರ ಬಂದರೆ ಲೆಕ್ಕ ಬಾಕಿ ಉಳಿಯುತ್ತಿತ್ತು, ಕಿರಾಣಿ ಅಂಗಡಿಯ ಸಾಲ ಮಾತ್ರ ಆ ಹೆಣ್ಣುಮಗಳ ತಲೆಯ ಮೇಲೆ ಬೆಳೆಯುತ್ತಿತ್ತು. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದ್ದು ಇಂಥ ಖಾನಾವಳಿಯ ಹೆಣ್ಣುಮಕ್ಕಳನ್ನು ಒಗ್ಗೂಡಿಸಿ, ಸಾಹುಕಾರರ ಬಡ್ಡಿಯಿಂದ ಬಿಡಿಸಿ, ಬ್ಯಾಂಕಿನ ಸಾಲ ಕೊಡಿಸಲು. ಗಿರಣಿಯ ಚರಿತ್ರೆ ಬರೆದವರು ಮಗ್ಗಗಳನ್ನು ಎಣಿಸಿದರು, ಒಲೆಗಳನ್ನು ಎಣಿಸಿದವರು ಕಡಿಮೆ.

ಈ ಚರಿತ್ರೆಯಲ್ಲಿ ನೋವಿನ ಪುಟವೂ ಇದೆ. ಅದನ್ನು ಮುಚ್ಚಿಟ್ಟು ರುಚಿಯ ಮಾತು ಆಡುವುದು ಸರಿಯಲ್ಲ. ಖಾನಾವಳಿಯ ಫಲಕದ ಮೇಲೆ ಜಾತಿಯ ಹೆಸರು ಬರೆಯುವ ರೂಢಿ ನಮ್ಮಲ್ಲಿತ್ತು, ಕೆಲವು ಕಡೆ ಇನ್ನೂ ಇದೆ. ಯಾರ ಒಲೆಯ ಊಟ, ಯಾರ ಮಗ್ಗುಲಲ್ಲಿ ಕೂತು ಉಣ್ಣಬಹುದು ಎಂಬುದನ್ನು ಆ ಫಲಕವೇ ಹೇಳುತ್ತಿತ್ತು. ದಲಿತರಿಗೆ ಎಷ್ಟೋ ಕಡೆ ಬಾಗಿಲೇ ಮುಚ್ಚಿತ್ತು, ಇಲ್ಲವೆ ಹೊರಗೆ ಬೇರೆ ಕಪ್ಪು, ಬೇರೆ ತಾಟು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳ ಪ್ರವೇಶವನ್ನು ಹೆಸರಿಸಿಯೇ ಹೇಳಿತು: ಜಾತಿ, ಧರ್ಮ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಡಾಕ್ಟರ್ ಅಂಬೇಡ್ಕರ್ ಮತ್ತು ಅವರ ಸಂಗಡಿಗರು ಹೋಟೆಲಿನ ಬಾಗಿಲನ್ನು ದೇಶದ ಮೂಲ ಕಾನೂನಿನೊಳಗೆ ತಂದದ್ದು ಸಣ್ಣ ಮಾತಲ್ಲ. ಕಲ್ಯಾಣದಲ್ಲಿ ಶರಣರು ಕಂಡ ಸಹಪಂಕ್ತಿಗೆ ಎಂಟು ನೂರು ವರ್ಷಗಳ ಮೇಲೆ ಕಾನೂನಿನ ಬಲ ಸಿಕ್ಕಿತು. ಎಲ್ಲೇ ಆಗಲಿ ಬೇರೆ ತಾಟು ಉಳಿದಿದ್ದರೆ ಅದು ಅಪರಾಧ. ದಾಸೋಹದ ನಾಡಿಗೆ ಅದು ಅವಮಾನವೂ ಹೌದು.

1948ರ ಸೆಪ್ಟೆಂಬರಿನಲ್ಲಿ ನಮ್ಮ ಸೀಮೆ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರಲ್ಲಿ ನಾವು ಕನ್ನಡ ರಾಜ್ಯಕ್ಕೆ ಬಂದೆವು. ಆಮೇಲೆ ಖಾನಾವಳಿಗೆ ಹೊಸ ಗಿರಾಕಿ ಬಂದ: ಓದುವ ಹುಡುಗ. 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ಬಂದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಗೇ ಕೇಂದ್ರೀಯ ವಿಶ್ವವಿದ್ಯಾಲಯ. ಹಳ್ಳಿಯಿಂದ ಹೋದ ಮಕ್ಕಳು ಕಲಬುರಗಿಯಲ್ಲಿ ಕೋಣೆ ಹಿಡಿದರು. ಕೆಲವರಿಗೆ ಮನೆಯಿಂದ ಬಸ್ಸಿನಲ್ಲಿ ಬುತ್ತಿಗಂಟು ಬರುತ್ತಿತ್ತು, ಕಂಡಕ್ಟರು ಅದನ್ನು ಜೋಪಾನವಾಗಿ ಇಳಿಸುತ್ತಿದ್ದರು. ಉಳಿದವರು ಖಾನಾವಳಿಯಲ್ಲಿ ತಿಂಗಳ ಊಟ ಹಚ್ಚಿದರು. ನಮ್ಮ ಭಾಗದ ಮೊದಲ ತಲೆಮಾರಿನ ಡಾಕ್ಟರು, ವಕೀಲರು, ಮಾಸ್ತರರಲ್ಲಿ ಅನೇಕರನ್ನು ಓದಿಸಿದ್ದರಲ್ಲಿ ಖಾನಾವಳಿಯ ಅಕ್ಕಂದಿರ ಪಾಲೂ ಇದೆ. ‘ರೊಕ್ಕ ಬಂದಾಗ ಕೊಡುವಿಯಂತ, ಮೊದಲ ಉಣ್ಣಪಾ’ ಎಂದವರು ಅವರು.

ಈಗ ತಾಟಿನ ಹತ್ತಿರ ಹೋಗೋಣ. ರೊಟ್ಟಿ ಹೇಗಾಗುತ್ತದೆ ನೋಡಿ. ಗೋದಿಹಿಟ್ಟಿಗಿರುವ ಅಂಟು ಜೋಳದ ಹಿಟ್ಟಿಗಿಲ್ಲ. ಅದಕ್ಕೇ ಕುದಿಯುವ ಎಸರು ಬೇಕು. ಹಿಟ್ಟಿನ ನಡುವೆ ಕುಣಿ ಮಾಡಿ ಎಸರು ಹೊಯ್ದಾಗ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. ಬಿಸಿ ಆರುವ ಮೊದಲೇ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಆಮೇಲೆ ಮುದ್ದೆ ಹಿಡಿದು, ಕೆಳಗೆ ಒಣಹಿಟ್ಟು ಉದುರಿಸಿ, ಬಡಿಯುತ್ತ ತಿರುಗಿಸಬೇಕು, ತಿರುಗಿಸುತ್ತ ಬಡಿಯಬೇಕು. ಪಳಗಿದ ಕೈಯಾದರೆ ರೊಟ್ಟಿಯ ಅಂಚು ಸೀಳುವುದಿಲ್ಲ, ನಡುವೆ ದಪ್ಪ ಉಳಿಯುವುದಿಲ್ಲ. ಕಾದ ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಿ, ಕೊನೆಗೆ ಕೆಂಡದ ಮಗ್ಗುಲಿಗೆ ಒರಗಿಸಿದರೆ ಅದು ಪೂರಿಯಂತೆ ಉಬ್ಬುತ್ತದೆ. ಈ ಕೆಲಸದಲ್ಲಿ ಎಸರಿನ ಬಿಸಿ ಬೆರಳಿಗೆ, ಒಲೆಯ ಝಳ ಮುಖಕ್ಕೆ, ಹೊಗೆ ಕಣ್ಣಿಗೆ. ಊಟದ ಹೊತ್ತಿನಲ್ಲಿ ಆ ತಾಯಿ ಎದ್ದು ನೀರು ಕುಡಿಯಲೂ ಬಿಡುವಿರುವುದಿಲ್ಲ.

ಆ ರೊಟ್ಟಿಯ ಸುತ್ತ ಉಳಿದದ್ದು. ಗಟ್ಟಿ ತೊಗರಿಬ್ಯಾಳಿ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಎಣ್ಣೆ ಬದನಿಕಾಯಿ, ಝುಣಕ, ಹುಳಿಹುಳಿ ಪುಂಡಿ ಪಲ್ಯ, ಮಡಕಿಕಾಳಿನ ಪಲ್ಯ, ಒರಳಲ್ಲಿ ಕುಟ್ಟಿದ ಶೇಂಗಾದ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು. ಮಗ್ಗುಲಿಗೆ ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಮೂಲಂಗಿ. ಎಳ್ಳಮಾವಾಸ್ಯೆ ಸುಮಾರಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಹಲವು ಕಾಳು ತರಕಾರಿ ಕೂಡಿಸಿ ಮಾಡಿದ ಭಜ್ಜಿ. ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಹಬ್ಬದ ಊಟ ಅದು. ರೊಟ್ಟಿ ಎಷ್ಟು ಬೇಕು ಎಂದು ಖಾನಾವಳಿಯಲ್ಲಿ ಲೆಕ್ಕ ಹಿಡಿಯುವುದಿಲ್ಲ, ‘ಇನ್ನೊಂದು ಹಾಕಲಿ?’ ಎಂದು ಕೇಳುತ್ತಾರೆ. ರೊಕ್ಕದ ವ್ಯವಹಾರದಲ್ಲಿಯೂ ದಾಸೋಹದ ನಡತೆ ಉಳಿದುಕೊಂಡದ್ದು ಹೀಗೆ.

ಇಂಥ ಊರೂಟದ ಅಂಗಡಿಗಳು ಬೇರೆ ದೇಶಗಳಲ್ಲೂ ಇವೆ. ಜಪಾನಿನ ರಾಮೆನ್ ಅಂಗಡಿಯನ್ನೇ ತೆಗೆದುಕೊಳ್ಳಿ. ಬಿಸಿ ಸಾರಿನಲ್ಲಿ ಗೋದಿಯ ಶಾವಿಗೆಯಂಥ ಎಳೆಗಳನ್ನು ಹಾಕಿ ಕೊಡುವ ಊಟ ಅದು. ಚೀನಾದಿಂದ ಬಂದ ಅಡುಗೆಯವರ ಕೈಯಿಂದ ಬಂದರುಗಳಲ್ಲಿ ಬೇರುಬಿಟ್ಟಿತು. 1910ರಲ್ಲಿ ಟೋಕಿಯೋದ ಅಸಾಕುಸದಲ್ಲಿ ರಾಯ್‌ರಾಯ್‌ಕೆನ್ ಎಂಬ ಅಂಗಡಿ ತೆರೆದ ಮೇಲೆ ದುಡಿಯುವ ಜನರ ಅಗ್ಗದ ಊಟವಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹಸಿವಿನ ದಿನಗಳಲ್ಲಿ ಅಮೆರಿಕದ ಗೋದಿ ಬಂದಾಗ ದೇಶದ ತುಂಬ ಹಬ್ಬಿತು. ಹಬ್ಬುತ್ತ ಹಬ್ಬುತ್ತ ಆಯಾ ಊರಿನ ರುಚಿ ತಾಳಿತು. ಚಳಿಯ ಸಪ್ಪೊರೊದಲ್ಲಿ ಹುದುಗಿಸಿದ ಸೋಯಾದ ಮಿಸೊ ಸಾರು, ತೆಂಕಣ ಹಕಾಟದಲ್ಲಿ ಹಂದಿಯೆಲುಬು ಕುದಿಸಿದ ಬೆಳ್ಳನೆಯ ಸಾರು, ಕಿತಾಕಾತದಲ್ಲಿ ಅಗಲ ಎಳೆ. ಇಂದು ಅಲ್ಲಿಯ ಜನ ಒಂದೊಂದು ಊರಿನ ಹೆಸರು ಹಿಡಿದೇ ರಾಮೆನ್ ಕೇಳುತ್ತಾರೆ, ಯೊಕೊಹಾಮದಲ್ಲಿ 1994ರಿಂದ ಅದಕ್ಕೊಂದು ಸಂಗ್ರಹಾಲಯವೂ ಇದೆ. ಕೂಲಿಕಾರರ ಬಟ್ಟಲನ್ನು ಒಂದು ದೇಶ ತನ್ನ ಮಾನವೆಂದು ಎತ್ತಿ ಹಿಡಿಯಿತು.

ನಮ್ಮಲ್ಲಿ ಆದದ್ದು ಬೇರೆ. ಉಡುಪಿ ಹೋಟೆಲಿನ ಇಡ್ಲಿ ದೋಸೆ ಎಲ್ಲ ಊರು ಸೇರಿದವು. ರುಬ್ಬಿಟ್ಟ ಹಿಟ್ಟು ನೂರು ಜನಕ್ಕೆ ಬೇಗ ಆಗುತ್ತದೆ. ಬಿಸಿರೊಟ್ಟಿಗೆ ಪ್ರತಿಯೊಂದಕ್ಕೂ ಒಂದು ಕೈ ಬೇಕು. ಅಷ್ಟರಲ್ಲಿ ನ್ಯಾಯಬೆಲೆ ಅಂಗಡಿಯ ಅಕ್ಕಿ ಮನೆಮನೆಗೆ ಬಂತು. 2013ರ ಅನ್ನಭಾಗ್ಯ ಹಸಿದವರಿಗೆ ಆಸರೆಯಾಯಿತು, ಅದನ್ನು ಯಾರೂ ಅಲ್ಲಗಳೆಯಬಾರದು. ಆದರೆ ಜೋಳ ಬಿತ್ತುವವರಿಗೆ ತೊಗರಿ, ಕಬ್ಬಿನಷ್ಟು ಆದಾಯ ಜೋಳದಲ್ಲಿ ಕಾಣಲಿಲ್ಲ. ಹೊಲದಲ್ಲಿ ಜೋಳ ಕಡಿಮೆಯಾಯಿತು, ಮನೆಯಲ್ಲಿ ರೊಟ್ಟಿ ಬಡಿಯುವ ಹೊಸ ಕೈಗಳೂ ಕಡಿಮೆಯಾದವು.

ಹಾಗೆಂದು ಕಥೆ ಮುಗಿದಿಲ್ಲ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದನ್ನೇ ಹಿಡಿದು ಊರೂರಲ್ಲಿ ರೊಟ್ಟಿ ಕೇಂದ್ರಗಳು ಎದ್ದಿವೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಕಲಬುರಗಿ ಜಿಲ್ಲೆಯ ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲೇ ಮಾರುಕಟ್ಟೆಗೆ ಇಳಿದರು. 2025ರ ಜೂನ್ ತಿಂಗಳ ಮನ್ ಕೀ ಬಾತ್‌ನಲ್ಲಿ ಪ್ರಧಾನಿಗಳು ದೇಶಕ್ಕೆಲ್ಲ ಕೇಳುವಂತೆ ಅವರನ್ನು ನೆನೆದರು. ಊರಿನ ಹೆಸರು ರೊಟ್ಟಿಯ ಮೇಲೆ ಬಂದಿದೆ. ಇದು ಸಂತೋಷದ ಸಂಗತಿ.

ಆದರೆ ಹೆಸರಿನ ಜೊತೆಗೆ ಕೂಲಿಯೂ ಬರಬೇಕು. ರೊಟ್ಟಿ ಬಡಿಯುವುದನ್ನು ಹೆಂಗಸರಿಗೆ ಹುಟ್ಟಿನಿಂದ ಬಂದ ಕೆಲಸ ಎಂದು ತಿಳಿದಿರುವವರೆಗೆ ಅದಕ್ಕೆ ಸರಿಯಾದ ಬೆಲೆ ಕಟ್ಟುವುದಿಲ್ಲ. ಅದು ವರ್ಷಗಟ್ಟಲೆ ಕಲಿತು ಬರುವ ಕಸಬು, ಕಮ್ಮಾರಿಕೆ ನೇಕಾರಿಕೆಯ ಸರೀಕ. ನಮ್ಮ ಖಾನಾವಳಿಗಳಿಗೆ ಹೊಗೆ ಹೋಗುವ ಗೂಡು ಬೇಕು, ನಿಂತು ಬಡಿಯಲು ಕಟ್ಟೆ ಬೇಕು, ರೊಟ್ಟಿಯ ಎಣಿಕೆಗೆ ತಕ್ಕ ದುಡಿಮೆಯ ಹಣ ಬೇಕು. ಮತ್ತೊಂದು ವಿನಂತಿ ಖಾನಾವಳಿ ನಡೆಸುವವರಿಗೆ. ಫಲಕದ ಮೇಲೆ ಒಂದು ಕಾಲದಲ್ಲಿ ಜಾತಿ ಬರೆದ ಜಾಗವಿದೆ. ಅಲ್ಲಿ ಈ ಜೋಳ ಯಾವ ಊರ ಹೊಲದ್ದು ಎಂದು ಬರೆಯಿರಿ, ಒಪ್ಪಿದರೆ ರೊಟ್ಟಿ ಬಡಿಯುವ ತಾಯಂದಿರ ಹೆಸರನ್ನೂ ಬರೆಯಿರಿ. ಉಣ್ಣಲು ಬಂದ ಪರಊರಿನವರಿಗೆ ಯಾವ ನೆಲದ ಊಟ, ಯಾರ ದುಡಿಮೆ ಎಂಬುದು ತಿಳಿಯಲಿ. ಉಂಡವರು ಏಳುವ ಮೊದಲು ಒಳಗಿನವರಿಗೆ ಕೇಳುವಂತೆ ‘ಊಟ ಚಂದಿತ್ತವ್ವ’ ಎಂದು ಹೇಳಿ ಬರಲಿ.