ಕಳ್ಳಿಹಣ್ಣು ಕೆಂಪಾದ ಮೇಲೆ ಮಳೆ

ಜೂನ್ ತಿಂಗಳ ಕೊನೆಯ ವಾರ. ಬೆಳಗಿನ ಐದು ಗಂಟೆ. ನಾಲ್ಕೈದು ಆಳೆತ್ತರದ ಕಳ್ಳಿಗಳ ನಡುವೆ ಒಂದು ಕುಟುಂಬ ಬಕೆಟ್ಟು ಹಿಡಿದು ನಡೆಯುತ್ತಿದೆ. ಹೆಂಗಸಿನ ಕೈಯಲ್ಲಿ ದೋಟಿ. ಮಲೆನಾಡಿನವರು ಹಣ್ಣು ಕೀಳುವ ದೋಟಿಯಂಥದ್ದೇ, ಆದರೆ ಬಿದಿರಿನದಲ್ಲ. ಸತ್ತು ಒಣಗಿದ ಕಳ್ಳಿಯ ಒಳಗಿನ ಉದ್ದನೆಯ ಎಲುಬುಗಳನ್ನೇ ಒಂದಕ್ಕೊಂದು ಬಿಗಿದು ಮಾಡಿದ್ದು, ತುದಿಗೊಂದು ಅಡ್ಡಕಡ್ಡಿ. ಅದನ್ನೆತ್ತಿ ಕಳ್ಳಿಯ ನೆತ್ತಿಯಲ್ಲಿರುವ ಹಣ್ಣನ್ನು ತಳ್ಳಿದರೆ ಧೊಪ್ಪನೆ ಕೆಳಗೆ. ಒಡೆದರೆ ರಕ್ತಗೆಂಪು ತಿರುಳು, ಅದರ ತುಂಬ ಸಾಸಿವೆಯಂಥ ಕರಿಬೀಜ. ತಿರುಳು ತೆಗೆದ ಮೇಲೆ ಸಿಪ್ಪೆಯನ್ನು ಎಸೆಯುವುದಿಲ್ಲ. ಕೆಂಪು ಒಳಮೈ ಆಕಾಶಕ್ಕೆ ಕಾಣುವಂತೆ ನೆಲದ ಮೇಲೆ ಇಡುತ್ತಾರೆ. ಮಳೆ ಬರಲಿ ಎಂದು.

ಕೇಳುಗರೇ, ಇದು ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣದಲ್ಲಿ, ಮೆಕ್ಸಿಕೊದೊಳಕ್ಕೂ ಹಬ್ಬಿರುವ ಸೊನೋರನ್ ಮರುಭೂಮಿ. ಆ ಕಳ್ಳಿಯ ಹೆಸರು ಸಗ್ವಾರೊ. ಹಣ್ಣು ಕೀಳುವವರು ಟೊಹೊನೊ ಓದಮ್ ಜನ. ಆ ಹೆಸರಿನ ಅರ್ಥವೇ ಮರುಭೂಮಿಯ ಜನ. ಅವರ ಭಾಷೆಯಲ್ಲಿ ಜೂನ್ ಎಂದರೆ ಸಗ್ವಾರೊ ಹಣ್ಣಾಗುವ ತಿಂಗಳು, ಜುಲೈ ಎಂದರೆ ಮಳೆಯ ತಿಂಗಳು. ಹೊಸ ವರ್ಷ ಶುರುವಾಗುವುದೂ ಈಗಲೇ. ನಮ್ಮ ರೈತ ಆರಿದ್ರಾ ಮಳೆಗೆಂದು ಮುಗಿಲು ನೋಡುವ ದಿನಗಳಲ್ಲೇ ಭೂಮಿಯ ಆಚೆ ಬದಿಯಲ್ಲಿ ಇವರೂ ಮುಗಿಲು ನೋಡುತ್ತಿರುತ್ತಾರೆ.

ಹಣ್ಣು ಕೀಳಲು ನಸುಕಿನಲ್ಲೇ ಹೊರಡುವುದಕ್ಕೆ ಕಾರಣ ಬಿಸಿಲು. ಈ ಮರುಭೂಮಿಯ ದೊಡ್ಡ ನಗರ ಫೀನಿಕ್ಸ್. 1990ರ ಜೂನ್ 26ರಂದು ಅಲ್ಲಿ ಉಷ್ಣಾಂಶ 50 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಆ ದಾಖಲೆ ಇನ್ನೂ ಉಳಿದಿದೆ. 2017ರ ಜೂನ್‌ನಲ್ಲಿ ಒಂದು ಮಧ್ಯಾಹ್ನ 48 ಡಿಗ್ರಿ ದಾಟುವ ಮುನ್ಸೂಚನೆ ಬಂದಾಗ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹತ್ತಾರು ಸಣ್ಣ ವಿಮಾನಗಳ ಹಾರಾಟ ರದ್ದಾಯಿತು. ಕಾದ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಆಸರೆ ಸಾಲದು. ಅಷ್ಟು ಬಿಸಿಯಲ್ಲಿ ಆ ವಿಮಾನಗಳನ್ನು ಮೇಲೇರಿಸಲು ಅನುಮತಿಯೇ ಇಲ್ಲ. ರಸ್ತೆಯ ಡಾಂಬರಂತೂ 70 ಡಿಗ್ರಿಯವರೆಗೆ ಕಾಯುತ್ತದೆ. ತಲೆ ಸುತ್ತಿ ಅದರ ಮೇಲೆ ಬಿದ್ದವರನ್ನು ಸುಟ್ಟಗಾಯಗಳ ವಾರ್ಡಿಗೇ ಸೇರಿಸಬೇಕಾಗುತ್ತದೆ.

ಕಲಬುರಗಿ, ರಾಯಚೂರಿನ ಮೇ ತಿಂಗಳನ್ನು ಉಂಡವರಿಗೆ ಈ ಧಗೆಯ ಅಂದಾಜು ಸಿಗಬಹುದು. ಮಳೆಯ ಅಂದಾಜು ಸಿಗುವುದು ಕಷ್ಟ. ಫೀನಿಕ್ಸಿನಲ್ಲಿ ಇಡೀ ವರ್ಷಕ್ಕೆ ಬೀಳುವುದು ಸರಾಸರಿ 180 ಮಿಲಿಮೀಟರ್. ಬಯಲುಸೀಮೆಯ ಒಣ ತಾಲ್ಲೂಕು ಎನಿಸಿದ ಚಳ್ಳಕೆರೆಗೂ ಅದರ ಎರಡರಷ್ಟಕ್ಕಿಂತ ಹೆಚ್ಚು ಮಳೆ ಬರುತ್ತದೆ. ಆಗುಂಬೆಯಲ್ಲಾದರೆ ಜುಲೈನ ಒಂದು ಜೋರು ದಿನ ಸಾಕು. ಆದರೂ ಅಲ್ಲಿಯವರು ತಮ್ಮ ಬೇಸಿಗೆ ಮಳೆಯನ್ನು ಕರೆಯುವುದು ಮಾನ್ಸೂನ್ ಎಂದೇ. ಚಿಪ್ ಕಾರ್ಖಾನೆ, ಸಾಫ್ಟ್‌ವೇರ್ ಕೆಲಸಗಳಿಗೆಂದು ಹೋಗಿ ಫೀನಿಕ್ಸ್ ಸುತ್ತಲಿನ ಚಾಂಡ್ಲರ್, ಟೆಂಪಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಆ ಮಾತು ಮೊದಮೊದಲು ವಿಚಿತ್ರ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಹೆಸರು ತಪ್ಪಲ್ಲ. ಗಾಳಿ ಋತುವಿಗೆ ಸರಿಯಾಗಿ ದಿಕ್ಕು ಬದಲಿಸಿ ಕಡಲಿನ ತೇವವನ್ನು ಕಾದ ನೆಲಕ್ಕೆ ಹೊತ್ತು ತರುವುದೇ ಮಾನ್ಸೂನ್. ಕೇರಳದ ಕರಾವಳಿಗೆ ಬಡಿಯುವ ನಮ್ಮ ಮುಂಗಾರಿಗೂ ಇದಕ್ಕೂ ಗಾತ್ರದಲ್ಲಿ ಅಜಗಜಾಂತರ, ಹುಟ್ಟಿನ ಗುಟ್ಟು ಮಾತ್ರ ಒಂದೇ.

ಆ ಹುಟ್ಟು ಹೀಗೆ. ಮೇ, ಜೂನ್ ತಿಂಗಳಲ್ಲಿ ಪಡುವಣದಿಂದ ಒಣಗಾಳಿ ಬೀಸುತ್ತದೆ. ನೆಲ ದಿನೇ ದಿನೇ ಕಾಯುತ್ತದೆ. ಜುಲೈ ಹೊತ್ತಿಗೆ ಮೇಲಣ ಅಧಿಕ ಒತ್ತಡದ ವಲಯ ಉತ್ತರಕ್ಕೆ ಸರಿಯುತ್ತದೆ, ಗಾಳಿ ತಿರುಗಿ ತೆಂಕಣದಿಂದ ಬೀಸತೊಡಗುತ್ತದೆ. ಮೆಕ್ಸಿಕೊದ ಸಿಯೆರಾ ಮಾದ್ರೆ ಬೆಟ್ಟಸಾಲನ್ನು ಒರಸಿಕೊಂಡು, ಕ್ಯಾಲಿಫೋರ್ನಿಯ ಕೊಲ್ಲಿಯ ಉಗುರುಬೆಚ್ಚಗಿನ ನೀರಿನ ತೇವ ಮೇಲಕ್ಕೇರಿ ಬರುತ್ತದೆ. ನೆಲ ಅಷ್ಟು ಕಾಯದಿದ್ದರೆ ಈ ತೇವ ಬಂದೂ ಪ್ರಯೋಜನವಿಲ್ಲ. ಮಳೆಯನ್ನು ಕರೆಯುವುದೇ ಆ ಸುಡುಬಿಸಿಲು.

ಟೊಹೊನೊ ಓದಮ್ ಜನರಿಗೆ ಮಳೆಯ ತವರು ಕಡಲೆಂಬುದು ಯಾವ ಹವಾಮಾನ ಕೇಂದ್ರವೂ ಇಲ್ಲದ ಕಾಲದಿಂದ ಗೊತ್ತಿತ್ತು. ಅವರ ಗಂಡಸರು ಮರುಭೂಮಿಯನ್ನು ನಡೆದು ದಾಟಿ ಅದೇ ಕೊಲ್ಲಿಯ ದಂಡೆಗೆ ಉಪ್ಪು ತರಲು ಹೋಗುತ್ತಿದ್ದರು. ಅಡುಗೆಗಷ್ಟೇ ಬೇಕಾದ ಉಪ್ಪಲ್ಲ ಅದು. ಆ ಯಾತ್ರೆ ಕಠಿಣ ವ್ರತ. ಉಪ್ಪಿನ ಜೊತೆ ಮಳೆಯೂ ಊರಿಗೆ ಬರಲೆಂಬ ಹರಕೆ. ಇದೇ ಜನಾಂಗದ ಕವಯಿತ್ರಿ, ಭಾಷಾವಿಜ್ಞಾನಿ ಒಫೀಲಿಯಾ ಜೆಪೆಡಾ 1995ರಲ್ಲಿ ತಂದ ಕವನಸಂಕಲನದ ಹೆಸರು 'ಓಷನ್ ಪವರ್', ಕಡಲಿನ ಶಕ್ತಿ. ಮರುಭೂಮಿಯ ಪುಸ್ತಕಕ್ಕೆ ಕಡಲಿನ ಹೆಸರೇಕೆ ಎಂದು ಕೇಳುವವರಿಗೆ ಆ ಗಾಳಿಯ ದಿಕ್ಕೇ ಉತ್ತರ.

ಹಣ್ಣಿನ ತಿರುಳನ್ನು ಕುದಿಸಿ ಸೋಸಿ, ಜೋನಿಬೆಲ್ಲದ ಹದಕ್ಕೆ ಇಳಿಸುತ್ತಾರೆ. ಅದರಲ್ಲೊಂದು ಪಾಲನ್ನು ಹುಳಿಬರಿಸಿ, ಮಳೆ ಕರೆಯುವ ಆಚರಣೆಯಲ್ಲಿ ಎಲ್ಲರೂ ಕೂಡಿ ಕುಡಿಯುತ್ತಾರೆ. ಮೊದಲ ಮಳೆಗೆ ಒಣಹಳ್ಳಗಳು ಉಕ್ಕಿ, ನೀರು ಹರಡಿ ನಿಲ್ಲುವ ಬಾಯಲ್ಲಿ ಬಿತ್ತನೆ ಮಾಡುವುದು ಅವರ ಹಳೆಯ ಬೇಸಾಯ. ಎರಡೇ ತಿಂಗಳಲ್ಲಿ ಕೈಗೆ ಬರುವ ಮೆಕ್ಕೆಜೋಳ, ಧಗೆಗೆ ಜಗ್ಗದ ಟೆಪರಿ ಎಂಬ ಅವರೆಜಾತಿಯ ಕಾಳು. ಒಂದೆರಡು ಹದಮಳೆಗೆ ಫಸಲು ಕಟ್ಟುವ ಆ ಕಾಳು, ಮಳೆ ಕೈಕೊಡುತ್ತಿರುವ ಇಂದಿನ ದಿನಗಳಲ್ಲಿ ಪ್ರಪಂಚದ ಎಲ್ಲ ಒಣನಾಡಿನವರೂ ಕಣ್ಣಿಟ್ಟು ನೋಡಬೇಕಾದದ್ದು.

ಇನ್ನು ಮಳೆ ಬರುವ ರೀತಿ. ಬೆಳಿಗ್ಗೆ ಆಕಾಶ ನಿಚ್ಚಳ. ಮಧ್ಯಾಹ್ನಕ್ಕೆ ಬೆಟ್ಟಗಳ ತಲೆಯ ಮೇಲೆ ಹೂಕೋಸಿನಂತೆ ಬಿಳಿಮೋಡ ಉಬ್ಬುತ್ತದೆ. ಸಂಜೆಗೆ ಅದರ ಬುಡ ಕಪ್ಪಾಗಿ ಮಳೆಯ ಜಾಲರಿ ಇಳಿಬೀಳುತ್ತದೆ, ಆದರೆ ನೆಲ ಮುಟ್ಟುವುದಿಲ್ಲ. ಒಣಗಾಳಿಯಲ್ಲಿ ಹನಿ ಹನಿಯೂ ನಡುದಾರಿಯಲ್ಲೇ ಆವಿ. ಹಾಗೆ ಆವಿಯಾಗುವಾಗ ಗಾಳಿ ತಣ್ಣಗಾಗಿ, ಭಾರವಾಗಿ, ದಬ್ಬನೆ ಕೆಳಗೆ ಬಿದ್ದು ಸುತ್ತಲೂ ನುಗ್ಗುತ್ತದೆ. ಪಾಳುಬಿದ್ದ ಹೊಲಗಳ ದೂಳನ್ನೆಲ್ಲ ಬಾಚಿ ಎಬ್ಬಿಸುತ್ತದೆ. ಇದಕ್ಕೆ ಹಬೂಬ್ ಎಂಬ ಅರಬಿ ಹೆಸರು. 2011ರ ಜುಲೈ 5ರ ಸಂಜೆ ಫೀನಿಕ್ಸಿನ ಮೇಲೆ ಬಂದ ಹಬೂಬ್ ಸುಮಾರು 1,500 ಮೀಟರ್ ಎತ್ತರದ, 160 ಕಿಲೋಮೀಟರ್ ಅಗಲದ ಕಂದುಗೋಡೆ. ಅದು ಊರನ್ನು ನುಂಗಿದಾಗ ಹಗಲೇ ಕತ್ತಲಾಯಿತು.

ಇಂಥ ದೂಳಿನಲ್ಲಿ ಸಿಕ್ಕಿದ ಚಾಲಕರಿಗೆ ಅಲ್ಲಿ ಕಲಿಸುವ ಪಾಠ ಮನಸ್ಸಿನಲ್ಲಿಡುವಂಥದ್ದು: ರಸ್ತೆಯಿಂದ ಪೂರ್ತಿ ಹೊರಗೆ ಗಾಡಿ ನಿಲ್ಲಿಸು, ದೀಪಗಳನ್ನೆಲ್ಲ ಆರಿಸು, ಬ್ರೇಕಿನಿಂದ ಕಾಲು ತೆಗೆ. ಬ್ರೇಕ್ ದೀಪ ಉರಿಯುತ್ತಿದ್ದರೆ ಹಿಂದಿನವನು ಅದನ್ನೇ ದಾರಿ ಎಂದುಕೊಂಡು ಬಂದು ಗುದ್ದುತ್ತಾನೆ.

ದೂಳಿನ ಹಿಂದೆ ಕೆಲವೊಮ್ಮೆ ಮಳೆ. ಕಾದು ಗಟ್ಟಿಯಾದ ನೆಲ ಅದನ್ನು ಹೀರುವುದಿಲ್ಲ. ಅರ್ಧ ಗಂಟೆ ಮುಂಚೆ ಮರಳು ಹಾಸಿದ್ದ ಹಳ್ಳದಲ್ಲಿ ಕಾರು ಕೊಚ್ಚಿಹೋಗುವಷ್ಟು ಕೆನ್ನೀರು. ಮಳೆ ಸುರಿದದ್ದು ದೂರದ ಬೆಟ್ಟದಲ್ಲಿ, ಇಲ್ಲಿ ತಲೆಯ ಮೇಲೆ ನಕ್ಷತ್ರ. ಅಡ್ಡಗಟ್ಟೆ ದಾಟಿ ಇಂಥ ನೀರಿಗೆ ಗಾಡಿ ಇಳಿಸಿ ಸಿಕ್ಕಿಕೊಂಡವರೇ ರಕ್ಷಣೆಯ ಖರ್ಚು ಕೊಡಬೇಕೆಂಬ ಕಾನೂನನ್ನು ಅರಿಜೋನಾ 1995ರಲ್ಲೇ ತಂದಿತು. 2014ರ ಸೆಪ್ಟೆಂಬರ್ 8ರಂದು ಫೀನಿಕ್ಸಿನಲ್ಲಿ ಒಂದೇ ದಿನ 80 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು ಹೆದ್ದಾರಿಗಳು ಕೆರೆಯಾದವು.

ಬಂದರೆ ಹಾಗೆ. ಬರದಿದ್ದರೆ?

2023ರಲ್ಲಿ ಬರಲಿಲ್ಲ. ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಫೀನಿಕ್ಸಿನ ಹಗಲಿನ ಗರಿಷ್ಠ ಉಷ್ಣಾಂಶ 43 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಇಡೀ ಮಳೆಗಾಲಕ್ಕೆ ಬಿದ್ದದ್ದು ನಾಲ್ಕು ಮಿಲಿಮೀಟರಿಗೂ ಕಡಿಮೆ. ಹಗಲಿಗಿಂತ ಕ್ರೂರವಾದದ್ದು ಇರುಳು. ಮರುಭೂಮಿಯ ರಾತ್ರಿ ತಂಪೆಂಬುದು ಹಳೆಯ ಮಾತು. ಹಗಲೆಲ್ಲ ಬಿಸಿ ಕುಡಿದ ಕಾಂಕ್ರೀಟು, ಡಾಂಬರು ರಾತ್ರಿಯೆಲ್ಲ ಅದನ್ನು ಉಗುಳುತ್ತವೆ. ಆ ಜುಲೈನಲ್ಲಿ ಸತತ 16 ರಾತ್ರಿ ಉಷ್ಣಾಂಶ 32 ಡಿಗ್ರಿಗಿಂತ ಕೆಳಗೆ ಬರಲಿಲ್ಲ. ಒಂದು ರಾತ್ರಿಯಂತೂ 36ಕ್ಕೇ ನಿಂತಿತು. ಆ ವರ್ಷ ಫೀನಿಕ್ಸ್ ಸೇರಿರುವ ಮಾರಿಕೋಪ ಕೌಂಟಿಯಲ್ಲಿ ಬಿಸಿಲಿನ ಕಾರಣಕ್ಕೆ ಸತ್ತವರು 645 ಮಂದಿ. ಅರ್ಧಕ್ಕೆ ಹತ್ತಿರದಷ್ಟು ಜನ ತಲೆಯ ಮೇಲೆ ಸೂರಿಲ್ಲದವರು. ಮನೆಯೊಳಗೇ ಸತ್ತವರೂ ನೂರಕ್ಕೆ ಮೀರಿದರು. ಅಂಥ ಬಹುಪಾಲು ಮನೆಗಳಲ್ಲಿ ಎ.ಸಿ. ಇತ್ತು, ಕೆಲಸ ಮಾಡುತ್ತಿರಲಿಲ್ಲ. ಇಷ್ಟು ಶ್ರೀಮಂತ ದೇಶದಲ್ಲಿ, ಇಷ್ಟು ದೊಡ್ಡ ನಗರದಲ್ಲಿ, ನೆರಳು ಮತ್ತು ತಂಪಾದ ಒಂದು ಕೋಣೆ ಸಿಗದೆ ಜನ ಸತ್ತರೆಂಬುದು ಎದೆ ಹಿಂಡುವ ಸಂಗತಿ. ಬಿಸಿಲನ್ನು ಎದುರಿಸಲೆಂದೇ ಅಲ್ಲಿನ ಪಾಲಿಕೆ 2021ರಲ್ಲಿ ಪ್ರತ್ಯೇಕ ಕಚೇರಿ ತೆರೆದಿತ್ತು. ಆ ಕೆಲಸಕ್ಕೆ ಇನ್ನೂ ನೂರು ಕೈ ಬೇಕು.

ಆ ಬೇಸಿಗೆ ಸಗ್ವಾರೊಗಳೂ ಉರುಳಿದವು. ನೂರೈವತ್ತು ವರ್ಷ ಬಾಳಬಲ್ಲ, ಬಿಸಿಲಿಗೆಂದೇ ಹುಟ್ಟಿದ ಕಳ್ಳಿಗಳು! ಸಗ್ವಾರೊ ಹಗಲು ತನ್ನ ರಂಧ್ರಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಇರುಳು ತಂಪಾದ ಮೇಲೆ ತೆರೆದು ಉಸಿರಾಡುತ್ತದೆ. ಇರುಳೇ ತಂಪಾಗದಿದ್ದರೆ ಅದಕ್ಕೂ ಉಸಿರುಕಟ್ಟುತ್ತದೆ. ಫೀನಿಕ್ಸಿನ ಸಸ್ಯೋದ್ಯಾನದಲ್ಲಿ ಅವು ತೋಳು ಕಳಚಿಕೊಂಡು, ಬುಡಸಮೇತ ಬಿದ್ದವು.

ಮಳೆ ಒಳ್ಳೆಯದಾದ ವರ್ಷ ಇದೇ ನೆಲ ಬೇರೆಯೇ. 2021ರ ಜುಲೈನಲ್ಲಿ ತೆಂಕಣದ ಟೂಸಾನ್ ನಗರಕ್ಕೆ 200 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿತ್ತು, ಅಲ್ಲಿನ ದಾಖಲೆಯಲ್ಲೇ ಅತಿ ತೊಯ್ದ ತಿಂಗಳು. ಹನಿ ಬೀಳುವ ಮುಂಚೆಯೇ ಕ್ರಿಯೊಸೋಟ್ ಎಂಬ ಪೊದೆಯ ಅಂಟೆಲೆಗಳಿಂದ ಒಂದು ಘಾಟು ಪರಿಮಳ ಏಳುತ್ತದೆ. ನಮಗೆ ಮಣ್ಣಿನ ವಾಸನೆ ಹೇಗೋ ಅಲ್ಲಿಯವರಿಗೆ ಅದೇ ಮಳೆಯ ವಾಸನೆ. ಸಗ್ವಾರೊ ತನ್ನ ಮೈಯ ನೆರಿಗೆಗಳನ್ನು ಬಿಚ್ಚಿ, ನೀರು ಕುಡಿದು ದಪ್ಪಗಾಗುತ್ತದೆ.

ಗುಡುಗಿನ ಕಂಪನ ನೆಲದೊಳಗೆ ಇಳಿದಾಗ, ಹತ್ತು ತಿಂಗಳಿಂದ ಮಣ್ಣಿನಡಿ ಅಲುಗದೆ ಕೂತಿದ್ದ ಸ್ಪೇಡ್‌ಫುಟ್ ಕಪ್ಪೆಗಳು ಹಿಂಗಾಲಿನ ಗುದ್ದಲಿಯಂಥ ಗೊರಸಿನಿಂದ ಮಣ್ಣು ಸರಿಸಿ ಮೇಲೆ ಬರುತ್ತವೆ. ಆ ರಾತ್ರಿ ಹೊಂಡಗಳ ಸುತ್ತ ಕುರಿಮಂದೆ ಅರಚಿದಂತೆ ಅವುಗಳ ಕೂಗು. ರೆಕ್ಕೆ ಬಂದ ಗೆದ್ದಲನ್ನು ಹೊಟ್ಟೆ ಬಿರಿಯ ತಿನ್ನುತ್ತವೆ, ಜೊತೆ ಹುಡುಕುತ್ತವೆ, ಬೆಳಗಾಗುವುದರೊಳಗೆ ಮೊಟ್ಟೆಯಿಡುತ್ತವೆ. ಮರುದಿನವೇ ಮತ್ತೆ ಸುಡುಬಿಸಿಲು, ಹೊಂಡದ ಅಂಚು ಒಳಸರಿಯುತ್ತದೆ. ಗೊದಮೊಟ್ಟೆಗಳಿಗೆ ಸಿಗುವುದು ಎಂಟು ಹತ್ತು ದಿನ. ಬಾಲ ಇನ್ನೂ ಪೂರ್ತಿ ಕರಗದ, ಉಗುರಿನಷ್ಟೇ ಗಾತ್ರದ ಮರಿಗಳು ಬಿರುಕುಬಿಡುತ್ತಿರುವ ಕೆಸರಿನ ಮೇಲೆ ಕುಪ್ಪಳಿಸಿ, ಮೆದುಮಣ್ಣು ಸಿಕ್ಕಲ್ಲಿ ಹಿಂಗಾಲಿನಿಂದ ತೋಡತೊಡಗುತ್ತವೆ.