ವಾಹನದ ತಂತಿಗೆ ಹಿಡಿಯುವ ಕಿಲುಬು

ಕರಾವಳಿಯಲ್ಲಿ ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ವಾಹನ ಇಟ್ಟುಕೊಂಡವರ ದೂರು ಒಂದೇ ಬಗೆಯದು. ಹೊಸ ಬ್ಯಾಟರಿ ಹಾಕಿಸಿದರೂ ಬೆಳಿಗ್ಗೆ ಸ್ಟಾರ್ಟರ್ ನರಳುತ್ತದೆ, ಹೆಡ್‌ಲೈಟ್ ಮಂಕಾಗಿ ಉರಿಯುತ್ತದೆ, ಹಾರ್ನ್ ಒಮ್ಮೆ ಕೂಗಿ ಇನ್ನೊಮ್ಮೆ ಕೆಮ್ಮುತ್ತದೆ. ಬ್ಯಾಟರಿ, ಬಲ್ಬು, ರಿಲೇ ಒಂದರ ಹಿಂದೊಂದು ಬದಲಾದ ಮೇಲೂ ದೋಷ ಉಳಿದಿದ್ದರೆ, ಹುಡುಕಬೇಕಾದದ್ದು ತಂತಿಯ ಕಿಲುಬನ್ನು.

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಗಾಳಿಯಲ್ಲೇ ಉಪ್ಪಿರುತ್ತದೆ. ಉಪ್ಪು ಬೆರೆತ ತೇವದಲ್ಲಿ ತಾಮ್ರ ಹಸಿರು ಪುಡಿಯಾಗುತ್ತದೆ, ತಂತಿಯ ತುದಿಯ ಲೋಹದ ಲಗ್ ಕೂರುವ ಬಾಡಿಯ ಕಬ್ಬಿಣ ತುಕ್ಕಾಗುತ್ತದೆ. ಮೀನು ಸಾಗಿಸುವ ಟೆಂಪೊಗಳಲ್ಲಂತೂ ಸೋರುವ ಉಪ್ಪುನೀರು ನೇರವಾಗಿ ಹಿಂದಿನ ದೀಪಗಳ ತಂತಿಗೇ ಬೀಳುತ್ತದೆ. ಕಿಲುಬು ಹೊರಗೆ ಕಂಡಷ್ಟರಲ್ಲೇ ನಿಲ್ಲುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಹೀರಿಕೊಳ್ಳುವ ಹಾಗೆ, ತಂತಿಯ ಎಳೆಗಳ ನಡುವಣ ಸಂದು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲಿನ ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗಿನ ತಾಮ್ರ ಗೇಣುದ್ದ ಕಪ್ಪಾಗಿರಬಹುದು.

ಕಿಲುಬು ವಿದ್ಯುತ್ತನ್ನು ಪೂರ್ತಿ ತಡೆಯುವುದು ಕಡಿಮೆ, ಇಷ್ಟಿಷ್ಟೇ ತಡೆಯುವುದು ಹೆಚ್ಚು. 12 ವೋಲ್ಟಿನ ವಾಹನದಲ್ಲಿ ಆ ಇಷ್ಟಿಷ್ಟೇ ಬಹಳ ದುಬಾರಿ. 60 ವಾಟಿನ ಹೆಡ್‌ಲೈಟ್ ಬಲ್ಬು ಸುಮಾರು 5 ಆಂಪಿಯರ್ ಎಳೆಯುತ್ತದೆ. ಅದರ ದಾರಿಯಲ್ಲಿ 0.4 ಓಮ್ ರೋಧ ಸೇರಿಕೊಂಡರೆ ಒಂದೂವರೆ ವೋಲ್ಟಿಗಿಂತ ಹೆಚ್ಚು ಅಲ್ಲೇ ಕರಗಿಹೋಗುತ್ತದೆ. ಸ್ಟಾರ್ಟರ್ 150 ಆಂಪಿಯರ್ ಎಳೆಯುವಾಗ 0.01 ಓಮ್ ಇದ್ದರೂ ಅಷ್ಟೇ ನಷ್ಟ. ಕರಗಿದ ವೋಲ್ಟೇಜ್ ಆ ಜೋಡಣೆಯಲ್ಲಿ ಶಾಖವಾಗುತ್ತದೆ, ಶಾಖ ಕಿಲುಬನ್ನು ಇನ್ನಷ್ಟು ಬೆಳೆಸುತ್ತದೆ, ಕೊನೆಗೆ ಕನೆಕ್ಟರಿನ ಪ್ಲಾಸ್ಟಿಕ್ಕೇ ಕರಗುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬೇರುಸಹಿತ ಕೀಳಬೇಕಾಗಿದೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ತಂತಿಯ ಎರಡು ತುದಿಗೆ ಮುಟ್ಟಿಸಿ, ಬೀಪ್ ಎಂದ ಕೂಡಲೇ ತಂತಿ ಸರಿಯಿದೆ ಎಂದು ತೀರ್ಮಾನಿಸುವ ಪದ್ಧತಿ ಗ್ಯಾರೇಜುಗಳಲ್ಲಿ ಬೇರೂರಿದೆ. ಎಷ್ಟೋ ಒಳ್ಳೆಯ ಬ್ಯಾಟರಿಗಳು ಗುಜರಿಗೆ ಹೋದದ್ದು ಈ ಬೀಪನ್ನು ನಂಬಿ. ಹಲವು ಮೀಟರುಗಳು 20–30 ಓಮ್ ಇದ್ದರೂ ಬೀಪ್ ಎನ್ನುತ್ತವೆ. ಹೆಡ್‌ಲೈಟನ್ನು ಮಂಕು ಮಾಡಲು ಅರ್ಧ ಓಮ್ ಕೂಡ ಬೇಡ. ಸ್ಟಾರ್ಟರನ್ನು ನರಳಿಸುವ 0.01 ಓಮನ್ನು ಸಾಮಾನ್ಯ ಮೀಟರು ಓದಲಾರದು. ಬೀಪ್ ಹೇಳುವುದು ತಂತಿ ಪೂರ್ತಿ ತುಂಡಾಗಿಲ್ಲ ಎಂಬ ಒಂದೇ ಮಾತನ್ನು. ತಂತಿ ಹೊರೆ ಹೊರಬಲ್ಲದೇ ಎಂಬುದನ್ನು ಅದು ಹೇಳುವುದಿಲ್ಲ.

ಬಲ್ಬು ತೆಗೆದು, ಹೋಲ್ಡರಿನಲ್ಲಿ 12 ವೋಲ್ಟ್ ಇದೆ ಎಂದು ನೆಮ್ಮದಿಪಡುವುದೂ ಇದೇ ತಪ್ಪು. ಕೊಳೆ ಕಟ್ಟಿದ ಪೈಪಿನಲ್ಲಿ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತಿರುಗಿಸಿದಾಗ ಧಾರೆ ಸೊರಗುತ್ತದೆ. ತಂತಿಯೂ ಹಾಗೆಯೇ. ವಿದ್ಯುತ್ ಹರಿಯದಿದ್ದಾಗ ಕಿಲುಬು ಏನನ್ನೂ ಕಬಳಿಸುವುದಿಲ್ಲ, ಆದ್ದರಿಂದ ಸಿಕ್ಕಿಬೀಳುವುದೂ ಇಲ್ಲ. ದೀಪ ಉರಿಯುತ್ತಿರುವಾಗ ಅಳೆಯಬೇಕು, ಸ್ಟಾರ್ಟರ್ ತಿರುಗುತ್ತಿರುವಾಗ ಅಳೆಯಬೇಕು. ಹೊರೆ ಇಲ್ಲದ ಅಳತೆ ಅಳತೆಯೇ ಅಲ್ಲ.

ಸರಿಯಾದ ಕ್ರಮ ಹೀಗಿದೆ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಹೆಡ್‌ಲೈಟ್ ಹಾಕಿ, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಬಲ್ಬಿನ ಅರ್ಥ್ ತುದಿಗೆ, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳಿ ಹೊರಡುವ ತುದಿಗೆ, ಮುಟ್ಟಿಸಬೇಕು. 0.2 ವೋಲ್ಟಿನೊಳಗಿದ್ದರೆ ಅರ್ಥ್ ಸರಿ. ಅರ್ಧ, ಒಂದು ವೋಲ್ಟ್ ತೋರಿಸಿದರೆ ದೋಷ ಆ ದಾರಿಯಲ್ಲೇ ಇದೆ. ಪಾಸಿಟಿವ್ ಕಂಬದಿಂದ ಬಲ್ಬಿನ ಇನ್ನೊಂದು ತುದಿಗೂ ಹೀಗೆಯೇ. ನಷ್ಟ ಕಂಡ ದಾರಿಯಲ್ಲಿ ಕಡ್ಡಿಯನ್ನು ಒಂದೊಂದೇ ಜೋಡಣೆಯಷ್ಟು ಸರಿಸುತ್ತ ಬಂದರೆ, ಅಂಕಿ ಹಠಾತ್ತನೆ ಬದಲಾಗುವ ಜಾಗವೇ ರೋಗದ ಜಾಗ. ಕಂಬಕ್ಕೂ ಅದನ್ನು ಹಿಡಿದ ಕ್ಲ್ಯಾಂಪಿಗೂ ನಡುವೆಯೂ ಅಳೆಯಬೇಕು. ಸ್ಟಾರ್ಟರಿನ ದಪ್ಪ ಕೇಬಲ್ಲಿನಲ್ಲಿ, ಎಂಜಿನ್ ತಿರುಗುವಾಗ, ಅರ್ಧ ವೋಲ್ಟಿನವರೆಗಿನ ನಷ್ಟ ಸಹ್ಯ.

ಮೀಟರಿಲ್ಲದವರಿಗೂ ಅರ್ಥ್ ದೋಷ ಗುರುತು ಕೊಡುತ್ತದೆ. ಇಂಡಿಕೇಟರ್ ಹಾಕಿದಾಗ ಹಿಂದಿನ ಪಾರ್ಕಿಂಗ್ ದೀಪವೂ ಮಿನುಗಿದರೆ, ಬ್ರೇಕ್ ತುಳಿದಾಗ ಅದು ಮಂಕಾದರೆ, ಮರಳುವ ದಾರಿ ಕಟ್ಟಿಕೊಂಡ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ದಾರಿ ಮಾಡಿಕೊಂಡಿದೆ ಎಂದರ್ಥ.

ದುರಸ್ತಿ ಚಿಕ್ಕ ಕೆಲಸ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಕ್ಲ್ಯಾಂಪನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು ಒಣಗಿಸಬೇಕು. ಅರ್ಥ್ ಲಗ್ಗಿನ ಅಡಿಯ ಬಣ್ಣ, ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಿಂದ ಬೆಳಗುವಂತೆ ತಂತಿಯನ್ನು ಬೆಳಗಬಾರದು; ಎಳೆಗಳ ನಡುವೆ ಉಳಿದ ಹುಳಿ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಕಪ್ಪಾದಷ್ಟನ್ನು ಕತ್ತರಿಸಿ, ಕೆಂಪು ತಾಮ್ರ ಕಂಡಲ್ಲಿಂದ ಅಷ್ಟೇ ದಪ್ಪದ ಹೊಸ ತಂತಿ ಜೋಡಿಸಿ, ಒಳಗೆ ಅಂಟು ಸವರಿದ, ಶಾಖಕ್ಕೆ ಕುಗ್ಗುವ ಕೊಳವೆಯನ್ನು ಬಿಸಿ ಮಾಡಿ ಮುಚ್ಚಬೇಕು. ಬರೀ ಟೇಪ್ ಸುತ್ತಿದರೆ ನೀರು ಒಳಗೇ ಉಳಿಯುತ್ತದೆ. ಫ್ಯೂಸ್ ಮತ್ತೆ ಮತ್ತೆ ಹೋಗುತ್ತದೆಂದು ದೊಡ್ಡ ಫ್ಯೂಸ್ ಹಾಕುವುದು ಬೆಂಕಿಗೆ ಆಹ್ವಾನ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳನ್ನೂ ವಿದ್ಯುತ್ ವಾಹನಗಳ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನೂ ತರಬೇತಿಯಿಲ್ಲದವರು ಮುಟ್ಟಲೇಬಾರದು.

ದುರಸ್ತಿಯಾದ ಮೇಲೆ ಅದೇ ದೀಪ ಹಾಕಿ, ಅದೇ ಎರಡು ತುದಿಗಳ ನಡುವೆ ಮತ್ತೆ ಅಳೆಯಬೇಕು. ಅಂಕಿ 0.2ರೊಳಗೆ ಇಳಿದಿದ್ದರೆ ಕೆಲಸ ಮುಗಿದಂತೆ.