ಒರಗು ಸೈಕಲ್ ಕಲಿಸಿದ ಪಾಠ

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತಾಲೀಮಿನ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಗಳು ನನಗೆ ಹೇಳಿದ್ದಾರೆ. ನಾನು ಮಾತಾಡಲು ಹೊರಟಿರುವುದು ಒಂದು ಸೈಕಲ್ ಬಗ್ಗೆ. ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರಿಗೂ ಸೈಕಲ್ಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿದರೆ ಸಂಬಂಧ ನಿಮಗೇ ತಿಳಿಯುತ್ತದೆ.

ನಾನು ದಿನವೂ ಸೈಕಲ್‌ನಲ್ಲೇ ಶಾಲೆಗೆ ಹೋಗುವವನು. ಕೆಲವು ವರ್ಷಗಳ ಹಿಂದೆ ನನಗೆ ಬೆನ್ನುನೋವು ಶುರುವಾಯಿತು. ಮುಂದೆ ಬಾಗಿ ಹ್ಯಾಂಡಲ್ ಹಿಡಿಯುವುದೇ ಕಷ್ಟವಾಯಿತು. ಆಗ ಒಂದು ಪತ್ರಿಕೆಯಲ್ಲಿ ವಿಚಿತ್ರವಾದ ಸೈಕಲ್‌ನ ಚಿತ್ರ ನೋಡಿದೆ. ಸವಾರ ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಕೂತಿದ್ದಾನೆ. ಬೆನ್ನಿಗೆ ಆಸರೆಯಿದೆ. ಪೆಡಲ್ ಕಾಲಿನ ಕೆಳಗಿಲ್ಲ, ಮುಂದೆ ಇದೆ. ಇದಕ್ಕೆ ರಿಕಂಬೆಂಟ್ ಸೈಕಲ್ ಎಂದು ಹೆಸರು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು ಒರಗು ಸೈಕಲ್ ಎಂದು ಕರೆಯುತ್ತೇವೆ. ದೂರ ಪ್ರಯಾಣ ಮಾಡುವವರಿಗೆ ಇದು ಬಹಳ ಅನುಕೂಲ. ಸೊಂಟ, ಕತ್ತು, ಮಣಿಕಟ್ಟು ಯಾವುದಕ್ಕೂ ಭಾರ ಬೀಳುವುದಿಲ್ಲ. ಸಪಾಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ನಮ್ಮ ಶ್ರಮದ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಒರಗಿ ಕೂತವನ ಎದೆಗೆ ಗಾಳಿ ಕಡಿಮೆ ಬಡಿಯುವುದರಿಂದ ಆ ಶ್ರಮ ಉಳಿಯುತ್ತದೆ.

ಇದರ ಚರಿತ್ರೆಯಲ್ಲಿ ಒಂದು ಘಟನೆ ಇದೆ. ವಿದ್ಯಾರ್ಥಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು. ಫ್ರಾನ್ಸ್‌ನಲ್ಲಿ ಚಾರ್ಲ್ಸ್ ಮೋಶೆ ಎಂಬಾತ ಇಂಥ ಸೈಕಲ್ ಮಾಡಿದ. 1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ ಅದರ ಮೇಲೆ ಒಂದು ಗಂಟೆಯಲ್ಲಿ 45.055 ಕಿ.ಮೀ. ಓಡಿಸಿದ. 1914ರಿಂದ ಯಾರೂ ಮುರಿಯಲಾಗದಿದ್ದ ದಾಖಲೆ ಮುರಿದುಬಿತ್ತು. ಫೋರ್ ಆ ಕಾಲದ ಮೊದಲ ದರ್ಜೆಯ ಸವಾರನೇನೂ ಆಗಿರಲಿಲ್ಲ. ಆದರೆ 1934ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸಭೆ ಸೇರಿ, ಸೈಕಲ್ ಎಂದರೆ ಹೀಗೇ ಇರಬೇಕು ಎಂದು ನಿಯಮ ಬರೆಯಿತು. ಆ ನಿಯಮದ ಪ್ರಕಾರ ಒರಗು ಸೈಕಲ್ ಸ್ಪರ್ಧೆಯಿಂದ ಹೊರಗಾಯಿತು. ಓಡುವುದರಲ್ಲಿ ಅದು ಸೋತಿರಲಿಲ್ಲ. ಅದು ಕೂರುವ ರೀತಿ ನಿಯಮಕ್ಕೆ ಹೊಂದಲಿಲ್ಲ, ಅಷ್ಟೆ. ಈ ಮಾತು ಮನಸ್ಸಿನಲ್ಲಿರಲಿ.

ಹೊರದೇಶಗಳಲ್ಲಿ ಇಂಥ ಸೈಕಲ್‌ನ ಚೌಕಟ್ಟು ಕಿಟ್ ರೂಪದಲ್ಲಿ ಪೆಟ್ಟಿಗೆಯಲ್ಲಿ ಬರುತ್ತದಂತೆ. ಮನೆಯಲ್ಲೇ ಜೋಡಿಸಿಕೊಳ್ಳಬಹುದು. ಅದನ್ನು ತರಿಸುವ ಖರ್ಚು, ಸುಂಕ ಎಲ್ಲ ಲೆಕ್ಕ ಹಾಕಿದೆ. ಮೇಷ್ಟ್ರ ಸಂಬಳಕ್ಕೆ ಅದು ಆಗುವ ಮಾತಲ್ಲ. ಆದ್ದರಿಂದ ಕಿಟ್ಟನ್ನೂ ನಾವೇ ಮಾಡಿಕೊಳ್ಳೋಣ ಎಂದು ತೀರ್ಮಾನಿಸಿದೆ. ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ್ದು ನಿಮಗೆ ಗೊತ್ತಿದೆ. ಹಾಗೆ ನನ್ನ ತಮ್ಮನಿಗೆ ಸಿಕ್ಕಿದ ಸೈಕಲ್ ನಮ್ಮ ಮನೆಯ ಮಹಡಿ ಮೆಟ್ಟಿಲ ಕೆಳಗೆ ತುಕ್ಕು ಹಿಡಿದು ಬಿದ್ದಿತ್ತು. ಅದರ ಹಿಂಭಾಗವನ್ನು ಬಳಸುವುದೆಂದಾಯಿತು. ಮುಂದಿನ ಚಕ್ರಕ್ಕೆ ಗುಜರಿಯಲ್ಲಿ ಒಂದು ಮಕ್ಕಳ ಸೈಕಲ್ ಸಿಕ್ಕಿತು. ನಡುವೆ ಉದ್ದವಾದ ಕಬ್ಬಿಣದ ಕೊಳವೆ ಹಾಕಿ ಎರಡನ್ನೂ ಜೋಡಿಸಬೇಕಿತ್ತು.

ವೆಲ್ಡಿಂಗ್ ಮಾಡಿಸಲು ಚಾಮರಾಜಪೇಟೆಯ ಮನೆಯಿಂದ ಕಲಾಸಿಪಾಳ್ಯದ ಕಡೆಗೆ ಹೋದೆ. ಆ ಗ್ಯಾರೇಜಿನಲ್ಲಿ ಕಪ್ಪು ಕನ್ನಡಕ ತೆಗೆದು ನನಗೆ ಸಲಾಂ ಹೇಳಿದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಅವನ ಹೆಸರು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾಗಿದ್ದ. ಆಗ ಅವನ ತಾಯಿ ಬುರ್ಖಾದ ಅಂಚಿನಿಂದ ಕಣ್ಣೊರೆಸುತ್ತ ಶಾಲೆಗೆ ಬಂದು, "ಮುಂದೇನು ಮಾಡೋದು ಸಾಬ್?" ಎಂದು ಕೇಳಿದ್ದರು. ನಾನು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಹೇಳಿದ್ದೆ: "ಇವನಿಗೆ ಓದು ಹತ್ತುವುದಿಲ್ಲ. ಯಾವುದಾದರೂ ಗ್ಯಾರೇಜಿಗೆ ಸೇರಿಸಿಬಿಡಿ." ಅವರು ನನ್ನ ಮಾತು ನಡೆಸಿದ್ದರು. ಅಂದು ಗ್ಯಾರೇಜಿನಲ್ಲಿ ನಿಂತಾಗ ಆ ಮಾತು ನನಗೆ ನೆನಪಾಯಿತು. ಅವನಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಉಸ್ತಾದರ ಅನುಮತಿ ಪಡೆದು ಅವನು ಭಾನುವಾರ ಜುಹರ್ ನಮಾಜಿನ ನಂತರ ನಮ್ಮ ಮನೆಗೆ ಬರತೊಡಗಿದ. ಕೊಯ್ಯುವುದು, ಅರ ಹಾಕುವುದು, ಜೋಡಿಸುವುದು ನಮ್ಮ ಮಹಡಿಯ ಮೇಲೆ. ವೆಲ್ಡಿಂಗ್ ಮಾತ್ರ ಗ್ಯಾರೇಜಿನಲ್ಲಿ.

ಮೊದಲ ತಪ್ಪು ನನ್ನದೇ. ಹಗುರವಾಗಲಿ, ಹಣವೂ ಉಳಿಯಲಿ ಎಂದು ನಾನು 20 ಗೇಜಿನ ತೆಳು ಕೊಳವೆ ತಂದೆ. ಅದರ ಗೋಡೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ದಪ್ಪ. ಅವನು ಬೆರಳಿನಿಂದ ತಟ್ಟಿ ನೋಡಿ, "ಇದು ತಡೆಯಲ್ಲ ಸಾರ್, 16 ಗೇಜ್ ಬೇಕು" ಎಂದ. ನಾನು ಕೇಳಲಿಲ್ಲ. ಪುಸ್ತಕ ಓದಿದ್ದವನು ನಾನಲ್ಲವೇ? ಸೈಕಲ್ ಸಿದ್ಧವಾದ ಮೇಲೆ ಮನೆ ಮುಂದಿನ ಗಲ್ಲಿಯಲ್ಲಿ ಹತ್ತಿ ಕೂತೆ. ಮೂವತ್ತು ಹೆಜ್ಜೆ ದೂರ ಹೋಗುವಷ್ಟರಲ್ಲಿ ಸೀಟಿನ ಹತ್ತಿರ ಕೊಳವೆ ಮಡಚಿಕೊಂಡಿತು. ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಟ್ಟಿತು. ಮೊಣಕೈ ತರಚಿಕೊಂಡು ರಸ್ತೆಯಲ್ಲಿ ಕೂತೆ. ಗಲ್ಲಿಯ ಮಕ್ಕಳೆಲ್ಲ ನಕ್ಕರು. ಅವನು ನಗಲಿಲ್ಲ. ಕೈಹಿಡಿದು ಎಬ್ಬಿಸಿ, "ಇನ್ನೊಂದು ಸಲ ಮಾಡೋಣ ಸಾರ್" ಎಂದ. ಅವನು ಪರೀಕ್ಷೆಯಲ್ಲಿ ಬಿದ್ದಾಗ ನಾನು ಅವನಿಗೆ ಈ ಮಾತು ಹೇಳಿರಲಿಲ್ಲ.

ಎರಡನೆಯ ಸಲ ಅವನು ಹೇಳಿದ ಹಾಗೇ ಒಂದೂವರೆ ಅಂಗುಲ ಅಗಲದ, 16 ಗೇಜಿನ, ಅಂದರೆ 1.6 ಮಿಲಿಮೀಟರ್ ದಪ್ಪದ ಕೊಳವೆ ತಂದೆವು. ಸೀಟಿನ ಕೆಳಗೆ ಮೂಲೆಗಳಿಗೆ ಮೂರು ಮೂಲೆಯ ತಗಡು ಇಟ್ಟು ಬೆಸೆದ. "ಚೌಕ ಅಲ್ಲಾಡುತ್ತೆ ಸಾರ್, ಮೂರು ಮೂಲೆ ಅಲ್ಲಾಡಲ್ಲ" ಎಂದ. ಮೂರು ಬಾಹುಗಳ ಅಳತೆ ಗೊತ್ತಾದರೆ ತ್ರಿಭುಜದ ಆಕಾರ ಬದಲಾಗಲಾರದು ಎಂದು ನಮ್ಮ ಶಾಲೆಯಲ್ಲಿ ರೇಖಾಗಣಿತ ಕಲಿಸುತ್ತೇವಲ್ಲ, ಅದೇ ಮಾತು. ನಾವು ಅದನ್ನು ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿಬಿಡುತ್ತೇವೆ. ಅವನು ಅದನ್ನು ಕಬ್ಬಿಣದಲ್ಲಿ ಕೂರಿಸಿದ.

ಆಮೇಲೆ ಚೈನ್. ಪೆಡಲ್ ಮುಂದೆ ದೂರದಲ್ಲಿರುವುದರಿಂದ ಒಂದು ಸೈಕಲ್‌ನ ಚೈನ್ ಸಾಲದು. ಎಷ್ಟು ಬೇಕು? ನಾನು ಸಹೋದ್ಯೋಗಿ ಗಣಿತ ಶಿಕ್ಷಕರನ್ನು ಕೇಳಿ ಸೂತ್ರ ಬರೆದುಕೊಂಡು ಬಂದಿದ್ದೆ. ನಾನು ಕಾಗದ ಬಿಡಿಸುವ ಮೊದಲೇ ಅವನು ಟೇಪು ಹಿಡಿದು ಅಳೆದ. ಮುಂದಿನ ಹಲ್ಲುಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ 52 ಅಂಗುಲ. ಅವನ ಲೆಕ್ಕ ಹೀಗಿತ್ತು: "ಅಂಗುಲಕ್ಕೆ ಎರಡು ಕೊಂಡಿ. ಮೇಲೊಂದು ಸಾಲು, ಕೆಳಗೊಂದು ಸಾಲು, ಒಟ್ಟು 208. ಮುಂದೆ 44 ಹಲ್ಲು, ಅರ್ಧ ಸುತ್ತಿಗೆ 22. ಹಿಂದೆ 18, ಅರ್ಧಕ್ಕೆ 9. ಎಲ್ಲ ಸೇರಿ 239. ಬೆಸ ಬಂದರೆ ಚೈನ್ ಕೂಡಲ್ಲ, 240 ಇಟ್ಟುಕೊಳ್ಳಿ. ನಮ್ಮ ಹತ್ತಿರ ಇರೋ ಚೈನ್ ಒಂದಕ್ಕೆ 112 ಕೊಂಡಿ. ಎರಡು ಪೂರ್ತಿ ಚೈನ್, ಮೂರನೆಯದರಿಂದ 16 ಕೊಂಡಿ."

ನನ್ನ ಕಾಗದದ ಸೂತ್ರವೂ 239ರ ಮೇಲೆ ಸ್ವಲ್ಪ ಎಂದು ಹೇಳುತ್ತಿತ್ತು. ನಾನು ಬೆರಗಾಗಿ ಕೇಳಿದೆ, "ಗಣಿತದಲ್ಲಿ ಫೇಲಾದವನಿಗೆ ಇದು ಹೇಗೆ ಬಂತು?" ಅವನು ಸಹಜವಾಗಿ ಹೇಳಿದ, "ಇದು ಗಣಿತ ಅಲ್ಲ ಸಾರ್, ಚೈನ್ ಲೆಕ್ಕ."

ಮಹನೀಯರೇ, ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹತ್ತು ವರ್ಷ ಶಾಲೆಯಲ್ಲಿ ಕೂತ ಹುಡುಗನಿಗೆ, ಅವನು ಮಾಡುತ್ತಿರುವುದೇ ಗಣಿತ ಎಂದು ನಾವು ಯಾರೂ ಹೇಳಿರಲಿಲ್ಲ. ಬಿ.ಎಡ್. ತರಬೇತಿಯಲ್ಲಿ ನಾನು ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಕರೆದೊಯ್ಯಬೇಕು ಎಂಬ ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ತೆಗೆದವನು. ಆದರೆ ನನ್ನ ಎದುರಿನ ಬೆಂಚಿನಲ್ಲಿ ಕೂತವನಿಗೆ ಏನು ಗೊತ್ತಿದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವನು ಕೂರುವ ರೀತಿ ನಮ್ಮ ನಿಯಮಕ್ಕೆ ಹೊಂದಲಿಲ್ಲ. ಇವನು ವಿದ್ಯಾರ್ಥಿಯೇ ಅಲ್ಲ ಎಂದು ಬರೆದುಬಿಟ್ಟೆವು.

ಸೈಕಲ್ ಮುಗಿಯಿತು. ಹಳೆಯ ಬೇರಿಂಗ್ ಮೇಲೆ ನೈಲಾನ್ ಗಾಲಿ ಕೂರಿಸಿ ಜೋತುಬೀಳುವ ಚೈನಿಗೆ ಆಸರೆ ಕೊಟ್ಟೆವು. ಸೀಟಿಗೆ ಅಮ್ಮಿ ಮಂಚದ ನವಾರು ಪಟ್ಟಿ ಹೆಣೆದುಕೊಟ್ಟರು. ಸವಾರ ತಗ್ಗಿನಲ್ಲಿ ಕೂರುವುದರಿಂದ ಲಾರಿಯವರಿಗೆ ಕಾಣಲೆಂದು ಹಿಂದೆ ಉದ್ದನೆಯ ಕಡ್ಡಿಗೆ ಕೆಂಪು ಬಾವುಟ ಕಟ್ಟಿದೆವು. ಕಲಿಯಲು ನನಗೆ ಎರಡು ವಾರ ಬೇಕಾಯಿತು. ಈ ಸೈಕಲ್‌ಗೆ ಒಂದು ದೋಷವೂ ಇದೆ. ಏರು ಬಂದಾಗ ಎದ್ದು ನಿಂತು ಮೈಭಾರ ಹಾಕಿ ತುಳಿಯಲಾಗುವುದಿಲ್ಲ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ನನ್ನನ್ನು ಹಿಂದೆ ಹಾಕಿ ನಡೆದು ಹೋದ ಅಜ್ಜಂದಿರು ಇದ್ದಾರೆ! ಆಮೇಲೆ ಹಳೆಯ ಗೇರ್ ಸೈಕಲ್‌ನಿಂದ ಗೇರ್ ತೆಗೆದು, ಅದಕ್ಕೆ ಒಪ್ಪುವ ಕಿರಿದಾದ ಚೈನ್ ಕೊಂಡು ಹಾಕಿದೆವು.

ಒಂದು ಭಾನುವಾರ ಫಜರ್ ನಮಾಜ್ ಮುಗಿಸಿ ನಾವಿಬ್ಬರೂ ಮೈಸೂರು ರಸ್ತೆ ಹಿಡಿದು ಹೊರಟೆವು. ನಾನು ಒರಗು ಸೈಕಲ್‌ನಲ್ಲಿ, ಅವನು ಸಾದಾ ಸೈಕಲ್‌ನಲ್ಲಿ. ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಹಾಗಾಗಿ ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋದೆವು. ಕೆಂಗೇರಿ ದಾಟಿ, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಸುಮಾರು 50 ಕಿ.ಮೀ. ದೂರದ ರಾಮನಗರ ಮುಟ್ಟಿದೆವು. ಬೆಂಗಳೂರಿಗಿಂತ ರಾಮನಗರ ತಗ್ಗಿನಲ್ಲಿದೆ. ಹೋಗುವುದು ಸುಲಭ, ಬರುವುದು ಕಷ್ಟ. ಬರುವಾಗ ಏರುಗಳಲ್ಲಿ ಅವನು ಮುಂದೆ ಹೋಗಿ ಮರದ ಕೆಳಗೆ ನನಗಾಗಿ ಕಾಯುತ್ತಿದ್ದ. ಮನೆ ತಲುಪಿದಾಗ ಕಾಲು ನೋಯುತ್ತಿತ್ತು, ಬೆನ್ನು ನೋಯುತ್ತಿರಲಿಲ್ಲ.

ದಾರಿಯಲ್ಲಿ ಒಂದು ಮರದ ಕೆಳಗೆ ಕೂತಿದ್ದಾಗ ನಾನು ಅವನ ಕ್ಷಮೆ ಕೇಳಿದೆ. ಅವನು ನಾಚಿಕೊಂಡು, "ಬಿಡಿ ಸಾರ್" ಎಂದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಕೇಳಿದ: "ಆ ಒಂದು ಪೇಪರ್ ಮತ್ತೆ ಬರೆಯಬಹುದಾ?"

ಬರೆದ. ಗ್ಯಾರೇಜ್ ಮುಗಿಸಿ ರಾತ್ರಿ ಎಂಟಕ್ಕೆ ಬರುತ್ತಿದ್ದ. ಗಣಿತ ಶಿಕ್ಷಕರು ಚೈನ್, ಹಲ್ಲುಚಕ್ರ, ಕೊಳವೆಗಳಿಂದಲೇ ಪಾಠ ಆರಂಭಿಸಿದರು. ಮೊದಲ ಸಲ ನಾಲ್ಕು ಅಂಕ ಕಡಿಮೆ ಬಂತು. ಎರಡನೆಯ ಸಲ ಪಾಸಾದ, ಅಲ್‌ಹಮ್ದುಲಿಲ್ಲಾಹ್.

ನಮ್ಮಲ್ಲಿ ಇಲ್ಮ್ ಬೇರೆ, ಹುನರ್ ಬೇರೆ ಎಂಬ ಭಾವನೆ ಬೇರೂರಿದೆ. ಇದು ನಮ್ಮ ಪರಂಪರೆಯದಲ್ಲ. ಹಜ್ರತ್ ದಾವೂದ್ ಅಲೈಹಿಸ್ಸಲಾಮ್ ಅವರು ಕಬ್ಬಿಣದಿಂದ ಕವಚ ಮಾಡುತ್ತಿದ್ದರೆಂಬುದು ಕುರ್‌ಆನ್ ಓದಿದ ನಿಮಗೆಲ್ಲ ತಿಳಿದ ವಿಷಯ. 1206ರಲ್ಲಿ ಅಲ್-ಜಝರಿ ಬರೆದ ಗ್ರಂಥದಲ್ಲಿ ಐವತ್ತು ಯಂತ್ರಸಾಧನಗಳ ವಿವರ, ಚಿತ್ರ, ಮಾಡುವ ವಿಧಾನ ಇದೆ. ನೀರೆತ್ತುವ ಅವರ ಒಂದು ಯಂತ್ರದಲ್ಲಿ ಕ್ರ್ಯಾಂಕ್ ಇದೆ. ಸೈಕಲ್‌ನ ಪೆಡಲ್ ತಿರುಗುವುದೂ ಕ್ರ್ಯಾಂಕ್‌ನಿಂದಲೇ. ಅವರು ವಿದ್ವಾಂಸರೂ ಹೌದು, ಕುಶಲಕರ್ಮಿಯೂ ಹೌದು. ನಮ್ಮ ಕನ್ನಡ ನಾಡಿನಲ್ಲಿ 12ನೇ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಗೌರವವನ್ನೂ ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಪಾಠ ಮಾಡಿದ ಅದೇ ಬಾಯಿಂದ ಗ್ಯಾರೇಜ್ ಎಂಬ ಪದವನ್ನು ಶಿಕ್ಷೆಯ ಹಾಗೆ ಬಳಸಿದ್ದೆ.

ಹಾಗೆಂದು ಓದು ಬಿಟ್ಟು ಗ್ಯಾರೇಜಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ವಿದ್ಯಾರ್ಥಿಗಳು ತಪ್ಪು ತಿಳಿಯಬಾರದು. ಆ ಹುಡುಗನಿಗೆ ಎಷ್ಟೇ ಲೆಕ್ಕ ಬಂದರೂ ಕೈಯಲ್ಲಿ ಪ್ರಮಾಣಪತ್ರ ಇಲ್ಲದ್ದರಿಂದ ಸಹಾಯಕನ ಕೂಲಿಯೇ ಸಿಗುತ್ತಿತ್ತು. ದಾರಿಗಳು ಇವೆ, ಕೇಳಿ. ಐಟಿಐಯಲ್ಲಿ ವೆಲ್ಡರ್ ತರಬೇತಿ ಒಂದು ವರ್ಷ, ಎಂಟನೇ ತರಗತಿ ಪಾಸಾದವರೂ ಸೇರಬಹುದು. ಫಿಟ್ಟರ್ ಎರಡು ವರ್ಷ, ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಬಿ.ಇ. ಎರಡನೇ ವರ್ಷಕ್ಕೂ ಸೇರಬಹುದು. ಗ್ಯಾರೇಜಿನಿಂದ ಎಂಜಿನಿಯರಿಂಗ್ ಕಾಲೇಜಿಗೆ ದಾರಿ ಉದ್ದವಿದೆ, ಆದರೆ ಮುಚ್ಚಿಲ್ಲ.

ಆ ಹುಡುಗ ಈಗ ಫಿಟ್ಟರ್ ತರಬೇತಿಗೆ ಸೇರಬೇಕೆಂದಿದ್ದಾನೆ. ಮನೆಯಲ್ಲಿ ಒಂದು ಪ್ರಶ್ನೆ ಎದ್ದಿದೆ: ಎರಡು ವರ್ಷ ಅವನ ದುಡಿಮೆ ಇಲ್ಲದೆ ಸಂಸಾರ ನಡೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸೈಕಲ್‌ನಲ್ಲಿ ಇಲ್ಲ, ಈ ಸಭೆಯಲ್ಲಿ ಇದೆ. ಸಂಘ ಪ್ರತಿವರ್ಷ ಹೆಚ್ಚು ಅಂಕ ಪಡೆದವರಿಗೆ ವಿದ್ಯಾರ್ಥಿವೇತನ ಕೊಡುತ್ತದೆ, ಸಂತೋಷ. ಅದರ ಒಂದು ಪಾಲು ಫೇಲಾಗಿ ಮತ್ತೆ ಬರೆದವರಿಗೂ, ಐಟಿಐ ಸೇರುವವರಿಗೂ ಇರಲಿ. ಸಂಜೆ ಖಾಲಿ ಬೀಳುವ ಶಾಲೆಯ ಒಂದು ಕೊಠಡಿಯನ್ನು ರಾತ್ರಿ ಎಂಟರಿಂದ ಒಂಬತ್ತೂವರೆವರೆಗೆ ಗ್ಯಾರೇಜಿನ ಮಕ್ಕಳಿಗೆ ಕೊಡಲಿ. ಪಾಠ ಮಾಡಲು ನಾನಿದ್ದೇನೆ, ನಮ್ಮ ಗಣಿತ ಶಿಕ್ಷಕರೂ ಒಪ್ಪಿದ್ದಾರೆ. ಆ ಕೊಠಡಿಯ ಮೂಲೆಯಲ್ಲಿ ಒಂದು ಅರ, ಒಂದು ಗರಗಸ, ಒಂದು ಹಳೆಯ ಸೈಕಲ್ ಇರಲಿ. ಹಗಲಿನ ಮಕ್ಕಳೂ ಅದನ್ನು ಮುಟ್ಟಿ ನೋಡಲಿ.

ವಿದ್ಯಾರ್ಥಿಗಳೇ, ಒರಗು ಸೈಕಲ್ ಹೊರಗೆ ಗೇಟಿನ ಹತ್ತಿರ ನಿಂತಿದೆ. ಸಭೆ ಮುಗಿದ ಮೇಲೆ ಹೋಗಿ ನೋಡಿ, ಕೂತು ನೋಡಿ. ಅದರ ಪಕ್ಕದಲ್ಲಿ ನಿಂತಿರುವವನೇ ಅದನ್ನು ಕಟ್ಟಿದವನು. ಚೈನಿಗೆ 240 ಕೊಂಡಿ ಹೇಗೆ ಬಂತೆಂದು ಅವನನ್ನೇ ಕೇಳಿ. ನನಗಿಂತ ಚೆನ್ನಾಗಿ ಪಾಠ ಮಾಡುತ್ತಾನೆ.

 ಅಲ್ಲಾಹನು ನಮ್ಮ ಮಕ್ಕಳಿಗೆ ಇಲ್ಮನ್ನೂ ಹುನರನ್ನೂ ಕರುಣಿಸಲಿ. ಆಮೀನ್. ಖುದಾ ಹಾಫಿಜ್.